ಮೊಳೆ ಕಾಣದ ದೋಣಿ

ಅಳಿವೆಯ ಈಚೆ ದಡದಲ್ಲಿ ವಾಮನಾಚಾರ್ರ ದೋಣಿ ಕಟ್ಟುವ ಕೊಟ್ಟಿಗೆ ಇತ್ತು. ಆಚೆ ದಡದಲ್ಲಿ ಉಸ್ಮಾನ್ ಮೇಸ್ತ್ರಿಯದು. ನಡುವೆ ನದಿ. ಕೂಗಿದರೆ ಕೇಳುವಷ್ಟೇ ಅಗಲ. ನಲವತ್ತು ವರ್ಷದಿಂದ ಇಬ್ಬರೂ ಕೂಗಿರಲಿಲ್ಲ.

ಕೊಟ್ಟಿಗೆ ಎಂದರೆ ಹತ್ತು ಕಂಬ, ಮೇಲೆ ತೆಂಗಿನ ಮಡಲಿನ ಮಾಡು. ಬೋರ್ಡಿಲ್ಲ, ಬಾಗಿಲಿಲ್ಲ. ದೊಡ್ಡ ದೋಣಿ ನೀರಿಗಿಳಿಯುವ ದಿನ ಎದುರಿನ ಕಂಬಗಳನ್ನು ಕಿತ್ತು ದಾರಿ ಮಾಡಿ, ಮಾರನೆಯ ದಿನ ಮತ್ತೆ ಹುಗಿಯುತ್ತಿದ್ದರು.

ಆಚಾರ್ರನ್ನು ಯಾರೂ ಗುರು ಎಂದು ಕರೆದದ್ದಿಲ್ಲ. ಅವರು ಪಾಠ ಹೇಳಿದ್ದನ್ನು ಕೇಳಿದವರೂ ಇಲ್ಲ. ಕಲಿಯಲು ಬಂದವರು ಅವರ ಕೈ ನೋಡುತ್ತಾ ಕೂರುತ್ತಿದ್ದರು. ಕೆಲವರು ಕಲಿತರು. ಕೆಲವರು ಚಾ ತರಲು ಕಲಿತರು.

ಕಲಿತವರಲ್ಲಿ ಎಲ್ಲರಿಗಿಂತ ಜಾಣ ಪದ್ಮಾಕರ. ಅವನು ಬಿ.ಕಾಂ. ಎರಡನೇ ವರ್ಷದವರೆಗೆ ಓದಿ, ಮೂರನೇ ವರ್ಷದ ಬದಲು ಬಾಚಿ ಹಿಡಿದವನು. ಹನ್ನೆರಡು ವರ್ಷ ಬಾಚಿ ಹಿಡಿದರೂ ಆ ಎರಡು ವರ್ಷದ ಓದು ತಲೆಯಿಂದ ಪೂರ್ತಿ ಇಳಿದಿರಲಿಲ್ಲ.

ಅವನಿಗೆ ಬೇಕಿದ್ದದ್ದು ಒಂದೇ. ತನ್ನ ಹೆಸರಿನಲ್ಲಿ ಅಡಿಮರ ಇಡಬೇಕು.

ಅಡಿಮರ ದೋಣಿಯ ಬೆನ್ನೆಲುಬು. ಎಲ್ಲಕ್ಕಿಂತ ಮೊದಲು ಮರಳ ಮೇಲೆ ಕೂರುವ ಉದ್ದನೆಯ ತೊಲೆ. ಅದನ್ನು ಇಟ್ಟವನೇ ಆ ದೋಣಿಯ ಮೇಸ್ತ್ರಿ. ಆದರೆ ಇಡು ಎಂದು ಗುರು ಬಾಯಿಬಿಟ್ಟು ಹೇಳಬೇಕು. ಅದು ಆ ನದಿಯ ಕಟ್ಟಳೆ.

ಆ ವರ್ಷ ಹೇಳಲೇಬೇಕಾದ ಸಂದರ್ಭ ಬಂತು. ಆಚಾರ್ರ ಬಲಗೈ ನಡುಗತೊಡಗಿತ್ತು. ಹೊಸ ದೋಣಿಗೆಂದು ಬಂದಿದ್ದ ಒಬ್ಬನೇ ಗಿರಾಕಿ, ನೂಲು ಹುಣ್ಣಿಮೆ ಕಳೆದು ಎಂಟು ದಿನ ಕಾಯುತ್ತೇನೆ, ಅಷ್ಟರೊಳಗೆ ಅಡಿಮರ ಕೂರದಿದ್ದರೆ ಫೈಬರ್ ದೋಣಿ ಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದ. ಅವನು ಹೋದರೆ ಕೊಟ್ಟಿಗೆಯಲ್ಲಿ ಕಟ್ಟಲು ಏನೂ ಇಲ್ಲ. ಕಂಬ ಕಿತ್ತರೆ ಮತ್ತೆ ಹುಗಿಯುವ ಕಾರಣವೂ ಇಲ್ಲ.

ಪದ್ಮಾಕರ ಕೇಳಿಯೇ ಬಿಟ್ಟ.

ಆಚಾರ್ರು ಉಳಿಯನ್ನು ಕಲ್ಲಿಗೆ ಉಜ್ಜುತ್ತಿದ್ದರು. ಉಜ್ಜುವುದು ನಿಲ್ಲಿಸಲಿಲ್ಲ.

"ಈ ನದಿಯಲ್ಲಿ ಮೊದಲು ಎಷ್ಟು ಕೊಟ್ಟಿಗೆ ಇದ್ದವು, ತಮಾ?"

"ಏಳು."

"ಈಗ?"

"ಎರಡು."

"ಐದು ಎಲ್ಲಿ ಹೋದವು?"

ಈ ಪ್ರಶ್ನೆಗೆ ಪದ್ಮಾಕರನಲ್ಲಿ ಉತ್ತರ ತಯಾರಿತ್ತು. ಹಂಚು, ಉಪ್ಪು, ತೆಂಗಿನಕಾಯಿ ತುಂಬಿಕೊಂಡು ಮುಂಬಯಿಗೆ ಹೋಗುತ್ತಿದ್ದ ದೊಡ್ಡ ಹಾಯಿದೋಣಿಗಳ, ಅಂದರೆ ಮಂಜಿಗಳ, ಕಾಲವನ್ನು ಹೇಳಿದ. ಹೆದ್ದಾರಿ ಬಂದದ್ದು, ಲಾರಿ ಬಂದದ್ದು, ಹಂಚಿನ ಬದಲು ತಾರಸಿ ಬಂದದ್ದು, ಆಮೇಲೆ ಯಂತ್ರದ ದೋಣಿ, ಕಬ್ಬಿಣದ ದೋಣಿ, ಫೈಬರ್ ಬಂದದ್ದು. ಯಾವ ಕೊಟ್ಟಿಗೆ ಯಾವುದಕ್ಕೆ ಬಲಿಯಾಯಿತು ಎಂಬುದನ್ನೂ ಹೇಳಿದ. ಚೆನ್ನಾಗಿಯೇ ಹೇಳಿದ. ಮೂರನೇ ವರ್ಷಕ್ಕೆ ಹೋಗಿದ್ದರೆ ಪಾಸಾಗುತ್ತಿದ್ದ.

ಆಚಾರ್ರು ಉಳಿಯ ಮೊನೆಯನ್ನು ಹೆಬ್ಬೆರಳಿಗೆ ತಾಗಿಸಿ ನೋಡಿದರು.

"ಲಾರಿ ಎರಡು ದಡಕ್ಕೂ ಬಂತಲ್ಲ," ಎಂದರು. "ನಾವಿಬ್ಬರು ಎಂತಕ್ಕೆ ಉಳಿದದ್ದು?"

ಪದ್ಮಾಕರ ಮತ್ತೆ ಲಾರಿಯಿಂದಲೇ ಶುರುಮಾಡಿದ.

"ದುರ್ಗಯ್ಯನ ದೋಣಿ ರಿಪೇರಿಗೆ ಬರಲಿ," ಎಂದರು ಆಚಾರ್ರು. "ಆಮೇಲೆ ನೋಡುವಾ."

ದುರ್ಗಯ್ಯ ಮೊಗೇರನ ದೋಣಿ ಎಂದರೆ ಪದ್ಮಾಕರ ಒಬ್ಬನೇ ನಿಂತು ಕಟ್ಟಿದ ಮೊದಲ ದೋಣಿ. ಅಡಿಮರ ಇಟ್ಟವರು ಆಚಾರ್ರು. ಉಳಿದದ್ದೆಲ್ಲ ಇವನ ಕೈ. ನೀರಿಗಿಳಿದು ಎರಡು ವರ್ಷವಾಗಿತ್ತು.

ಅಂಥ ದೋಣಿಯನ್ನು ಆ ನದಿ ನೋಡಿರಲಿಲ್ಲ. ಹೊರಮೈಯಲ್ಲಿ ಒಂದು ಮೊಳೆ ಕಾಣುತ್ತಿರಲಿಲ್ಲ. ಪದ್ಮಾಕರ ಪ್ರತಿ ಮೊಳೆಯನ್ನೂ ಹಲಗೆಯೊಳಗೆ ಇಳಿಸಿ, ಅದೇ ಮರದ ಬೆಣೆಯನ್ನು ಅದೇ ಎಳೆಗೆ ಹೊಂದಿಸಿ ಕೂರಿಸಿ, ಮೇಲೆ ಹತ್ತರಿ ಹೊಡೆದು ನಯ ಮಾಡಿದ್ದ. ಹಲಗೆಗಳ ಸಂದಿಗೆ ಎಲ್ಲರೂ ಹತ್ತಿ ತುಂಬಿ ರಾಳ ಸುರಿಯುತ್ತಾರೆ. ಇವನು ಪೇಟೆಯಿಂದ ಎರಡು ಡಬ್ಬಿ ಕಲಸಿ ಹಚ್ಚುವ ಅಂಟು ತಂದು ಹಚ್ಚಿದ್ದ. ಒಳಗೂ ಅಷ್ಟೇ. ಆಚಾರ್ರು ಮೊಳೆ ಹೊಡೆದಲ್ಲೆಲ್ಲ ಉಳಿಯಿಂದ ಉಗುರಿನಷ್ಟು ಕಚ್ಚು ಹಾಕಿಬಿಡುತ್ತಿದ್ದರು. ಅದು ಹಳಬರ ಕೈಚಟ ಎಂದು ಪದ್ಮಾಕರ ತಿಳಿದಿದ್ದ. ತನ್ನ ದೋಣಿಯಲ್ಲಿ ಅಂಥ ಒಂದು ಗಾಯವೂ ಇಲ್ಲದಂತೆ ನೋಡಿಕೊಂಡಿದ್ದ.

ಬಂದವರೆಲ್ಲ ದೋಣಿಯ ಮೈ ಸವರಿ ಹೋಗಿದ್ದರು. ಆಚಾರ್ರೂ ಸವರಿದ್ದರು.

ಇದರಲ್ಲಿ ವ್ಯಾಪಾರವೂ ಇದೆ ಎಂದು ಪದ್ಮಾಕರ ಆಗ ಗುರುಗಳಿಗೆ ವಿವರಿಸಿದ್ದ. ಮೊಳೆ ಎಲ್ಲಿದೆ ಎಂದು ಗೊತ್ತಿರುವುದು ಕಟ್ಟಿದವನಿಗೆ ಮಾತ್ರ. ಬೇರೆಯವರಿಗೆ ಬಿಚ್ಚಲು ಬರುವುದಿಲ್ಲ. ಆದ್ದರಿಂದ ಗಿರಾಕಿ ಜನ್ಮವಿಡೀ ನಮ್ಮಲ್ಲಿಗೇ ಬರಬೇಕು.

ಆಚಾರ್ರು ಆಗ, "ಚೆಂದ ಆಗ್ಯದೆ," ಎಂದಿದ್ದರು. ಅಷ್ಟೇ ಎಂದಿದ್ದರು.

ಮಳೆಗಾಲದಲ್ಲಿ ದೋಣಿಗಳು ದಡ ಹತ್ತುತ್ತವೆ. ಹುಟ್ಟಿದ ಕೊಟ್ಟಿಗೆಗೇ ರಿಪೇರಿಗೆ ಬರುತ್ತವೆ, ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ. ಅಳಿಯ, ಅಂದರೆ ದೋಣಿ ಕೊಂಡವನು, ಆಚೆ ದಡದವನಾದರೆ ಮಾತ್ರ ಅಲ್ಲಿನ ಕೊಟ್ಟಿಗೆ. ರಿಪೇರಿ ಪದ್ಮಾಕರನಿಗೆ ಹಿಡಿಸದ ಕೆಲಸ. ಪ್ರತಿ ಮಳೆಗಾಲವೂ ಮರ ಆರಿಸುವ ನೆಪದಲ್ಲಿ ಟಿಂಬರ್ ಡಿಪೋಗಳಿಗೆ ಹೋಗಿಬಿಡುತ್ತಿದ್ದ. ಹಳೆಯ ಆಳುಗಳು ಹಲಗೆ ಬಿಚ್ಚುತ್ತಿದ್ದರು. ಇವನು ಹೊಸ ಹಲಗೆ ತರುತ್ತಿದ್ದ.

ಈ ಸಲ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಕೂತು ದುರ್ಗಯ್ಯನ ದಾರಿ ಕಾದ.

ದುರ್ಗಯ್ಯ ಬರಲಿಲ್ಲ. ಸುದ್ದಿ ಬಂತು. ಅಳಿವೆಯ ಬಾಯಲ್ಲಿ ದೋಣಿಗೆ ಬಂಡೆ ತಾಗಿ ಒಂದು ಹಲಗೆ ಸೀಳಿದೆಯಂತೆ. ದೋಣಿ ಉಸ್ಮಾನ್ ಮೇಸ್ತ್ರಿಯ ದಡ ಹತ್ತಿದೆಯಂತೆ.

ಪದ್ಮಾಕರ ಅನ್ನ ಬಿಟ್ಟು ಎದ್ದ. ಉಸ್ಮಾನ್ ಮೇಸ್ತ್ರಿ ಏನೋ ಕಿವಿ ಊದಿರಬೇಕು, ರೇಟು ಇಳಿಸಿರಬೇಕು, ನನ್ನ ಹೆಸರು ಕೆಡಿಸಬೇಕೆಂದೇ ಮಾಡಿದ್ದು ಎಂದೆಲ್ಲ ಗುರುಗಳ ಮುಂದೆ ಹೇಳಿದ. ಹೋಗಿ ಜಗಳ ಮಾಡಿ ಬರುತ್ತೇನೆ ಎಂದ.

"ಹೋಗು," ಎಂದರು ಆಚಾರ್ರು.

ಪದ್ಮಾಕರ ಹೊರಟ.

"ಬರಿಗೈಯಲ್ಲಿ ಹೋಗಬೇಡ. ಉಳಿ ಮತ್ತೆ ಕೊಡತಿ ತಕೊಂಡು ಹೋಗು."

"ಜಗಳಕ್ಕಾ?"

"ಕೂಲಿಗೆ. ಉಸ್ಮಾನನ ಹತ್ತಿರ ಆಳು ಕಮ್ಮಿ ಉಂಟಂತೆ."

ಗುರು ತಮಾಷೆ ಮಾಡುತ್ತಿದ್ದಾರೋ ಎಂದು ಪದ್ಮಾಕರ ಅವರ ಮುಖ ನೋಡಿದ. ಅವರು ಉಳಿಯನ್ನು ಅವನ ಕಡೆಗೆ ಹಿಡಿದಿದ್ದರು. ಕೈ ನಡುಗುತ್ತಿತ್ತು. ಬೇಗ ತೆಗೆದುಕೊಳ್ಳದಿದ್ದರೆ ಬೀಳುವಂತಿತ್ತು. ತೆಗೆದುಕೊಂಡ.

ದಾಟುವ ದೋಣಿಯಲ್ಲಿ ಕೂತಾಗ ಅವನಿಗೆ ಸಿಟ್ಟಿತ್ತು. ಆಚೆ ದಡ ಮುಟ್ಟುವಾಗ ನಾಚಿಕೆಯೂ ಸೇರಿತ್ತು. ಮೇಸ್ತ್ರಿಯಾಗಬೇಕಾದವನು ಎದುರು ದಡದಲ್ಲಿ ಆಳಾಗಿ ಇಳಿದಿದ್ದ.

ಉಸ್ಮಾನ್ ಮೇಸ್ತ್ರಿಗೆ ಎಪ್ಪತ್ತು ದಾಟಿತ್ತು. ತಲೆಗೆ ವಸ್ತ್ರ ಸುತ್ತಿಕೊಂಡು, ದುರ್ಗಯ್ಯನ ದೋಣಿಯ ಎದುರು ಮರಳ ಮೇಲೆ ಕಾಲು ಚಾಚಿ ಕೂತಿದ್ದರು. ಇವನನ್ನು ನೋಡಿದ್ದೇ ಅವರ ಮುಖ ಅರಳಿತು.

"ಬಾ ಮಾರಾಯ. ಮೂರು ದಿವಸದಿಂದ ಇದರ ಎದುರು ಕೂತಿದ್ದೇನೆ. ನಿನ್ನ ದೋಣಿ ನನ್ನ ಹತ್ತಿರ ಮಾತೇ ಆಡೂದಿಲ್ಲ."

ಜಗಳ ಶುರುಮಾಡಲು ಅವಕಾಶವೇ ಸಿಗಲಿಲ್ಲ. ಉಸ್ಮಾನ್ ಮೇಸ್ತ್ರಿ ಸೀಳಿದ ಹಲಗೆ ತೋರಿಸಿದರು. ಅಡಿಮರದಿಂದ ಮೂರನೆಯದು. ಸೀಳು ಒಂದು ಮೊಳ ಉದ್ದ. ಸಾಮಾನ್ಯ ದೋಣಿಯಾದರೆ ಅರ್ಧ ದಿನದ ಕೆಲಸ: ಸಂದಿಯ ಹತ್ತಿ ತೆಗೆ, ಮೊಳೆ ಕೀಳು, ಹಲಗೆ ಇಳಿಸು, ಹೊಸದು ಕೂರಿಸು. ಆ ಒಂದು ಹಲಗೆ ಇಳಿಸಿಕೊಡು ಎಂದರು.

ಪದ್ಮಾಕರ ಒಳಗೊಳಗೇ ಹಿಗ್ಗಿದ. ನೋಡಿ, ನನ್ನನ್ನು ಬಿಟ್ಟರೆ ಆಗಲಿಲ್ಲವಲ್ಲ.

ಮೊಳೆ ಹುಡುಕಿದ. ಸಿಗಲಿಲ್ಲ.

ಎರಡು ವರ್ಷದ ಹಿಂದೆ ತಾನೇ ಕೂರಿಸಿದ ಬೆಣೆಗಳು. ಒಂದೊಂದೂ ನೆನಪಿನಲ್ಲಿದೆ ಅಂದುಕೊಂಡಿದ್ದ. ಕೈಯಾಡಿಸಿದ, ಕೊಡತಿಯಿಂದ ತಟ್ಟಿ ಕಿವಿಗೊಟ್ಟ, ನೀರು ಸುರಿದು ನೋಡಿದ. ಮರ ಒಂದೇ ಮರದ ಹಾಗೆ ಸುಮ್ಮನಿತ್ತು. ಅಷ್ಟು ಚೆನ್ನಾಗಿ ಮುಚ್ಚಿದ್ದ.

ಅಂದಾಜಿನ ಮೇಲೆ ಬೈರಿಗೆ ಹಾಕಿದ. ಆರು ತೂತಿಗೆ ಒಂದು ಮೊಳೆ ಸಿಕ್ಕಿತು. ಸಿಕ್ಕಿದ ಮೊಳೆ ಒಳಗೆ ಎತ್ತ ಬಗ್ಗಿದೆ ಎಂದು ತಿಳಿಯಲಿಲ್ಲ. ಎಳೆದ. ಒಳಗಿನ ಪಕ್ಕೆಮರದ ಒಂದು ಚೂರು ಮೊಳೆಯ ಜೊತೆಗೇ ಬಂತು.

ಅಂಟು ಇನ್ನೂ ಕಷ್ಟ. ಸಂದಿಗೆ ಉಳಿ ಹೊಡೆದರೆ ಅಂಟು ಬಿಡಲಿಲ್ಲ, ಮರ ಬಿಟ್ಟಿತು. ಮೂರನೇ ಹಲಗೆಯ ಜೊತೆ ನಾಲ್ಕನೆಯದು ಸೀಳಿತು. ನಾಲ್ಕನೆಯದನ್ನು ತೆಗೆಯಲು ಹೋದರೆ ಐದನೆಯದು. ಅಂಟು ಮರಕ್ಕಿಂತ ಗಟ್ಟಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಕಂಪನಿಯವರು ಸುಳ್ಳು ಹೇಳಿರಲಿಲ್ಲ.

ನಾಲ್ಕನೆಯ ದಿನ ಒಂದು ಹಲಗೆಗಾಗಿ ಏಳು ಹಲಗೆ ಕೆಳಗೆ ಬಿದ್ದಿದ್ದವು. ದೋಣಿಯ ಪಕ್ಕದಲ್ಲಿ ಒಬ್ಬ ಮನುಷ್ಯ ಹೊಕ್ಕು ಬರುವಷ್ಟು ಬಾಯಿ.

ಆ ಹೊತ್ತಿಗೆ ದುರ್ಗಯ್ಯ ಬಂದ. ಆ ಬಾಯಿ ನೋಡಿ ಮರಳ ಮೇಲೆ ಕೂತ. ನೂಲು ಹುಣ್ಣಿಮೆಗೆ ಒಂಬತ್ತು ದಿನ ಉಳಿದಿತ್ತು. ಅಂದು ಕಡಲಿಗೆ ಕಾಯಿ ಬಿಟ್ಟು ಎಲ್ಲ ದೋಣಿಗಳೂ ಹೊರಡುತ್ತವೆ. ಮೊದಲ ವಾರದ ಮೀನಿನ ಮೇಲೆ ಅವನ ವರ್ಷ ನಿಂತಿತ್ತು.

ಪದ್ಮಾಕರನಿಗೆ ಅವನ ಮುಖ ನೋಡಲಾಗಲಿಲ್ಲ. ಬೇರೇನೂ ತೋಚದೆ, ನಮ್ಮಲ್ಲಿಗೇ ಯಾಕೆ ತರಲಿಲ್ಲ ಎಂದು ಕೇಳಿದ.

ದುರ್ಗಯ್ಯ ಬೀಡಿಯನ್ನು ಬೆರಳಲ್ಲಿ ಹೊರಳಿಸಿದ.

"ನಾಚಿಕೆ ಆಯ್ತು," ಎಂದ. "ಅಷ್ಟು ಚೆಂದ ಮಾಡಿ ಕೊಟ್ಟದ್ದನ್ನು ಬಂಡೆಗೆ ಹೊಡೆಸಿ ತಂದೆ ಅಂತ ನಿನ್ನ ಎದುರು ಹೇಗೆ ನಿಲ್ಲೂದು? ಎರಡು ವರ್ಷದಿಂದ ಅದರಲ್ಲಿ ಮೀನು ಹಾಕಲಿಕ್ಕೇ ಅಂಜಿಕೆ ನನಗೆ. ಮದುವೆ ಸೀರೆ ಉಟ್ಟು ಗದ್ದೆಗೆ ಇಳಿದ ಹಾಗೆ ಆಗ್ಯದೆ, ಮಾರಾಯ."

ಉಸ್ಮಾನ್ ಮೇಸ್ತ್ರಿ ಇಬ್ಬರಿಗೂ ಚಾ ತರಿಸಿದರು. ಕುಡಿದಾದ ಮೇಲೆ ಪದ್ಮಾಕರನನ್ನು ಎಬ್ಬಿಸಿ, ಕೊಟ್ಟಿಗೆಯ ಹಿಂದೆ ಮಗುಚಿದ್ದ ಒಂದು ಹಳೆಯ ದೋಣಿಯ ಹತ್ತಿರ ಕರೆದುಕೊಂಡು ಹೋದರು.

ಅದು ವಾಮನಾಚಾರ್ರು ಮೂವತ್ತು ವರ್ಷದ ಹಿಂದೆ ಕಟ್ಟಿದ್ದು. ಯಾರೋ ಕೊಂಡು ಈ ದಡಕ್ಕೆ ತಂದಿದ್ದರು. ಹೊರಗೆ ಮೊಳೆಯ ತಲೆಗಳು ಸಾಲಾಗಿ ಕಾಣುತ್ತಿದ್ದವು, ಸಾಲು ಅಲ್ಲಲ್ಲಿ ಸೊಟ್ಟ. ನೋಡಲು ಅಂಥದ್ದೇನೂ ಅಲ್ಲ.

ಉಸ್ಮಾನ್ ಮೇಸ್ತ್ರಿ ಅದರ ಅಡಿಗೆ ನುಗ್ಗಿ ಮಲಗಿದರು. ಪದ್ಮಾಕರನೂ ನುಗ್ಗಿದ. ಒಳಗೆ ಪ್ರತಿ ಮೊಳೆಯ ಪಕ್ಕದಲ್ಲೂ ಆ ಉಗುರಿನಷ್ಟು ಕಚ್ಚು. ಕೆಲವು ಎಡಕ್ಕೆ ಬಾಗಿದ್ದವು, ಕೆಲವು ಬಲಕ್ಕೆ. ಮುದುಕ ಕಣ್ಣು ಮುಚ್ಚಿಕೊಂಡು ಒಂದರ ಮೇಲೆ ಬೆರಳಿಟ್ಟರು.

"ಮೊಳೆ ಎಡಕ್ಕೆ ಬಗ್ಗಿದೆ ಅಂತ ಆಚಾರ್ರು ಹೇಳ್ತಾರೆ," ಎಂದರು. ಇನ್ನೊಂದರ ಮೇಲೆ ಬೆರಳಿಟ್ಟರು. "ಇಲ್ಲಿ ಮರದಲ್ಲಿ ಗಂಟು ಅದೆ, ಮೆಲ್ಲ ಹೊಡಿ ಅಂತಾರೆ."

ಅವರು ಕಚ್ಚು ನೋಡಿ ತಟ್ಟಿದ ಹಾಗೆ ಕಬ್ಬಿಣದ ಮೊಳೆ ಒಂದೊಂದಾಗಿ ನೆಟ್ಟಗೆ ಹೊರಬಂತು. ಒಂದು ಲೋಟ ಚಾ ತಣಿಯುವಷ್ಟು ಹೊತ್ತಿನಲ್ಲಿ ಹಲಗೆ ಅವರ ಕೈಯಲ್ಲಿತ್ತು. ಅಕ್ಕಪಕ್ಕದ ಹಲಗೆಗೆ ಗೀರೂ ಬಿದ್ದಿರಲಿಲ್ಲ.

"ಈ ಗುರುತು ಯಾರಿಗೆ ಇಟ್ಟದ್ದು?" ಎಂದು ಪದ್ಮಾಕರ ಕೇಳಿದ. ಗೊತ್ತಾಗಿತ್ತು. ಆದರೂ ಕೇಳಿದ.

"ನನಗೆ. ನಾನೂ ಅವರಿಗೆ ಇಡ್ತೇನೆ, ನನ್ನದು ನೆಟ್ಟನೆ ಗೀರು. ನನ್ನ ದೋಣಿ ಆ ದಡಕ್ಕೆ ಹೋದರೆ ಅವರು ಓದ್ತಾರೆ. ವಾಮನಾಚಾರಿಗೂ ಉಸ್ಮಾನನಿಗೂ ಮಾತಿಲ್ಲ ಅಂತ ಊರು ಹೇಳ್ತದೆ. ಹೇಳಲಿ."

ಆ ಸಂಜೆ ಉಸ್ಮಾನ್ ಮೇಸ್ತ್ರಿ ಇಲ್ಲವಾದ ಐದು ಕೊಟ್ಟಿಗೆಗಳ ಕಥೆ ಹೇಳಿದರು. ಲಾರಿ ಅದರಲ್ಲಿ ತೀರಾ ಕೊನೆಗೆ ಬಂತು. ಐದೂ ಜನ ಬುದ್ಧಿವಂತರು. ಒಬ್ಬೊಬ್ಬರದೂ ಒಂದೊಂದು ಗುಟ್ಟಿನ ಜೋಡಣೆ. ಬೇರೆಯವರ ಕೈಗೆ ಸಿಗಬಾರದು, ಗಿರಾಕಿ ಬಿಟ್ಟು ಹೋಗಬಾರದು. ಗಿರಾಕಿ ಬಿಟ್ಟು ಹೋಗಲೂ ಇಲ್ಲ. ಆದರೆ ಮೇಸ್ತ್ರಿಗಳು ಸತ್ತರು. ಗುಟ್ಟು ಅವರ ಜೊತೆಗೇ ಹೋಯಿತು. ಗಟ್ಟಿಮುಟ್ಟಾದ ಮಂಜಿಗಳು ಒಂದು ಹಲಗೆ ಬದಲಿಸಲಾಗದೆ ದಡದಲ್ಲಿ ಕೂತವು. ಕೊನೆಗೆ ಮೊಳೆಯ ಆಸೆಗೆ ಅವನ್ನು ಸುಟ್ಟರು. ಬೂದಿಯಲ್ಲಿ ಮೊಳೆ ಆರಿಸುತ್ತಿದ್ದ ಮಾಲೀಕನಿಗೆ ಯಾರೋ ಬಂದು ಲಾರಿಯ ವಿಷಯ ಹೇಳಿದರು. ಅವನು ಲಾರಿಗೆ ಒಪ್ಪಿದ.

"ಲಾರಿಗೆ ಕೆಟ್ಟ ಹೆಸರು ಬಂತು, ಅಷ್ಟೆ," ಎಂದರು.

ಪದ್ಮಾಕರ ಆ ದಡದಲ್ಲೇ ನಿಂತ. ಹೆಬ್ಬಲಸಿನ ಏಳು ಹಲಗೆ ಕೊಯ್ದ, ಕಾಯಿಸಿ ಬಗ್ಗಿಸಿದ, ಕೂರಿಸಿದ. ಸಂದಿಗೆ ಹತ್ತಿ ತುಂಬಿ ರಾಳ ಸುರಿದ. ಮೊಳೆಯ ತಲೆಗಳನ್ನು ಹೊರಗೇ ಬಿಟ್ಟ. ನಯವಾದ ಮೈಯ ನಡುವೆ ಆ ಏಳು ಹಲಗೆ ಹೊಲಿಗೆ ಹಾಕಿದ ಗಾಯದಂತೆ ಕಾಣುತ್ತಿದ್ದವು. ಒಳಗೆ ಪ್ರತಿ ಮೊಳೆಯ ಪಕ್ಕದಲ್ಲೂ ಒಂದು ಕಚ್ಚು ಹಾಕಿದ. ಮೊದಲ ಕಚ್ಚು ಹಾಕುವಾಗ ಕೈ ತಡೆಯಿತು, ಆಮೇಲೆ ತಡೆಯಲಿಲ್ಲ.

ಕೆಲಸ ಮುಗಿಯುವಾಗ ನೂಲು ಹುಣ್ಣಿಮೆ ಕಳೆದು ಏಳು ದಿನವಾಗಿತ್ತು. ದುರ್ಗಯ್ಯನ ಮೊದಲ ವಾರ ಹೋಯಿತು ಎಂದೇ ಪದ್ಮಾಕರ ತಿಳಿದಿದ್ದ. ಹೋಗಿರಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ವಾಮನಾಚಾರ್ರು ತಮ್ಮ ಸ್ವಂತ ದೋಣಿಯನ್ನು ಯಾರದೋ ಕೈಯಲ್ಲಿ ದುರ್ಗಯ್ಯನ ಮನೆಯ ಕಡವಿಗೆ ಕಳಿಸಿದ್ದರು. ಅದು ಹಳೆಯದು, ಅಲ್ಲಲ್ಲಿ ತೇಪೆ ಹಾಕಿದ್ದು. ಅದರಲ್ಲಿ ಮೀನು ಹಾಕಲು ದುರ್ಗಯ್ಯನಿಗೆ ಯಾವ ಅಂಜಿಕೆಯೂ ಆಗಿರಲಿಲ್ಲ.

ಪದ್ಮಾಕರ ನದಿ ದಾಟಿ ಬಂದ. ಗುರುಗಳು ಕಂಬಕ್ಕೆ ಒರಗಿ ಕೂತಿದ್ದರು. ಉಳಿ, ಕೊಡತಿಗಳನ್ನು ಅವರ ಮುಂದೆ ಇಟ್ಟ. ನಡೆದದ್ದನ್ನೆಲ್ಲ ಹೇಳಿದ, ಒಂದನ್ನೂ ಮುಚ್ಚಲಿಲ್ಲ. ಅವರು ಕೇಳಿದರು.

ಹೇಳಿ ಮುಗಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ.

"ನಾನು ಅಂಟು ಹಚ್ಚುವಾಗ ನೀವು ಇಲ್ಲೇ ಇದ್ದಿರಿ. ಬೆಣೆ ಹೊಡೆಯುವಾಗಲೂ ಇದ್ದಿರಿ. ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ, ಆಚಾರ್ರೆ."

ಆಚಾರ್ರು ನದಿಯ ಕಡೆ ನೋಡಿದರು.

"ಆಗ್ತಿತ್ತು," ಎಂದರು. "ನಿನ್ನ ಪ್ರಾಯದಲ್ಲಿ ನಾನೂ ಅಂಥದ್ದೊಂದು ದೋಣಿ ಕಟ್ಟಿದ್ದೆ. ಅದನ್ನು ಬಿಚ್ಚಬೇಕಾಗಿ ಬಂದವನು ಬಂದು ನನ್ನ ಎದುರಿಗೇ ಹೇಳಿದ. ಸರಿಯಾಗಿಯೇ ಹೇಳಿದ. ಅವತ್ತಿಂದ ನಾನು ಅವನ ಹತ್ತಿರ ಮಾತು ಬಿಟ್ಟೆ."

ಆಚೆ ದಡದಿಂದ ಉಸ್ಮಾನ್ ಮೇಸ್ತ್ರಿಯ ಕೊಡತಿಯ ಸದ್ದು ನೀರಿನ ಮೇಲೆ ಬರುತ್ತಿತ್ತು.

ತನಗೆ ಇನ್ನೂ ಎರಡು ವರ್ಷ ರಿಪೇರಿಯ ಕೆಲಸವೇ ಇರಲಿ ಎಂದು ಕೊನೆಗೆ ಹೇಳಿದ. ಗಿರಾಕಿ ಹೋದರೆ ಹೋಗಲಿ, ತಾನು ಅಡಿಮರ ಇಡುವಷ್ಟು ಕಲಿತಿಲ್ಲ ಎಂದ. ಅವನು ಹಾಗೆ ಹೇಳಿದ್ದು ಅದೇ ಮೊದಲು. ಗುರುಗಳು ಒಪ್ಪಿಬಿಟ್ಟರೆ ಎಂಬ ಭಯವೂ ದನಿಯಲ್ಲಿ ಇತ್ತು.

ವಾಮನಾಚಾರ್ರು ಕಂಬ ಹಿಡಿದು ಎದ್ದು ನಿಂತರು. ಬಿಸಿಲಿಗೆ ಕೈ ಅಡ್ಡ ಹಿಡಿದು ಆಚೆ ದಡವನ್ನು ಸ್ವಲ್ಪ ಹೊತ್ತು ನೋಡಿದರು.

"ನಾಳೆ ಬೆಳಿಗ್ಗೆ ಅಡಿಮರ ಇಡು, ತಮಾ. ಈಗ ಹೋಗಿ ಉಸ್ಮಾನನನ್ನು ಕರೆದುಕೊಂಡು ಬಾ. ಮೊಳೆ ಎಲ್ಲಿ ಹೊಡೀಬೇಕು ಅಂತ ಅವನನ್ನು ಕೇಳುವಾ. ಬಿಚ್ಚೂದು ಅವನಲ್ಲವಾ."